ಕೆಳದವಡೆಯ ಎಕ್ಸ್‌ರೇಯಲ್ಲಿ ಕಾಣುವ ಕಪ್ಪು ಚುಕ್ಕೆಗಳೆಲ್ಲ ಕೀವಲ್ಲ

ಕೆಳಗಿನ ಹಲ್ಲಿನ ಎಕ್ಸ್‌ರೇ ತೆಗೆಸುತ್ತೀರಿ. ಬೇರಿನ ತುದಿಯಲ್ಲಿ ದುಂಡಗೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಈಗ ಫಿಲ್ಮ್ ತೊಳೆದು ಒಣಗಿಸುವ ಕಾಲ ಹೋಯಿತು, ಕುರ್ಚಿಯ ಪಕ್ಕದ ಪರದೆಯ ಮೇಲೆ ಚಿತ್ರ ಆಗಲೇ ಬಂದುಬಿಡುತ್ತದೆ. ಡಾಕ್ಟ್ರು ಬಾಯಿ ಬಿಡುವ ಮೊದಲೇ ನೀವೂ ಅದನ್ನು ನೋಡಿ ಗಾಬರಿಯಾಗಿರುತ್ತೀರಿ.

ಆ ಚುಕ್ಕೆ ಹೆಚ್ಚಾಗಿ ಎರಡರಲ್ಲಿ ಒಂದು. ಹಲ್ಲಿನೊಳಗಿನ ನರ ಸತ್ತು, ಸೋಂಕು ಬೇರಿನ ತುದಿಯಿಂದ ಹೊರಬಿದ್ದು, ಅಲ್ಲಿನ ಮೂಳೆಯನ್ನು ಕರಗಿಸಿರಬಹುದು. ಇಲ್ಲವೇ ಅದು ಪ್ರತಿಯೊಬ್ಬರ ದವಡೆಯಲ್ಲೂ ಇರುವ, ನರ ಹೊರಗೆ ಬರುವ ಕಿಂಡಿಯಾಗಿರಬಹುದು. ಮೊದಲನೆಯದಾದರೆ ರೂಟ್ ಕೆನಾಲ್ ಬೇಕು. ಎರಡನೆಯದಾದರೆ ಏನೂ ಬೇಡ. ಚಿತ್ರದಲ್ಲಿ ಎರಡೂ ಒಂದೇ ಥರ ಕಾಣಬಹುದು, ಕಷ್ಟ ಇರುವುದೇ ಅಲ್ಲಿ. ಕಿಂಡಿಯನ್ನು ಕೀವು ಅಂದುಕೊಂಡರೆ ಗಟ್ಟಿಮುಟ್ಟಾದ ಹಲ್ಲನ್ನು ಕೊರೆದು ಅದರ ಜೀವ ತೆಗೆದ ಹಾಗಾಗುತ್ತದೆ. ಕೀವನ್ನು ಕಿಂಡಿ ಅಂದುಕೊಂಡರೆ ರೋಗ ಒಳಗೇ ಬೆಳೆಯುತ್ತದೆ.

ಚಿತ್ರವೊಂದನ್ನೇ ನೋಡಿ ಇದನ್ನು ತೀರ್ಮಾನಿಸಬಾರದು ಅನ್ನುವುದು ನನ್ನ ಗಟ್ಟಿ ನಂಬಿಕೆ. ಕಿಂಡಿ ಎಲ್ಲಿರುತ್ತದೆ, ಕಿರಣ ಯಾವ ಕಡೆಯಿಂದ ಬಂತು, ಹಲ್ಲು ಬದುಕಿದೆಯೋ ಇಲ್ಲವೋ, ಈ ಮೂರೂ ಗೊತ್ತಾಗಬೇಕು.

ನರ ಬರುವ ದಾರಿ

ಕೆಳದವಡೆ ಹುಟ್ಟುವಾಗ ಎರಡು ಅರ್ಧಗಳಾಗಿರುತ್ತದೆ. ಮೊದಲ ವರ್ಷದಲ್ಲಿ ಗಲ್ಲದ ನಡುವೆ ಬೆಸೆದುಕೊಂಡು ಒಂದೇ ಮೂಳೆಯಾಗುತ್ತದೆ. ಹಲ್ಲು ಕೂತಿರುವ ಅಡ್ಡಭಾಗ ಒಂದು, ಕಿವಿಯ ಕಡೆಗೆ ಮೇಲೇರುವ ಚಪ್ಪಟೆ ಭಾಗ ಇನ್ನೊಂದು. ಆ ಏರುಭಾಗಕ್ಕೆ ರೇಮಸ್ ಅನ್ನುತ್ತೇವೆ.

ಕೆಳಗಿನ ಹಲ್ಲುಗಳಿಗೆಲ್ಲ ನೋವು, ಸ್ಪರ್ಶ ತಿಳಿಸುವ ನರ ತಲೆಬುರುಡೆಯ ತಳದಿಂದ ಇಳಿದು ಬರುತ್ತದೆ. ರೇಮಸ್‌ನ ಒಳಮೈಯಲ್ಲಿ, ಹೆಚ್ಚುಕಡಿಮೆ ನಟ್ಟನಡುವೆ, ಒಂದು ತೂತು ಇದೆ. ಅದೇ ಮ್ಯಾಂಡಿಬ್ಯುಲರ್ ಫೋರಮೆನ್. ಅದರ ಮುಂದುಗಡೆ ಲಿಂಗುಲಾ ಅನ್ನುವ ಒಂದು ಸಣ್ಣ ಮೂಳೆಯ ಚಾಚು ಅರ್ಧ ಬಾಗಿಲಿನ ಹಾಗೆ ನಿಂತಿರುತ್ತದೆ. ನರ, ಅದರ ಜೊತೆ ರಕ್ತನಾಳ, ಎರಡೂ ಅಲ್ಲಿಂದ ಮೂಳೆಯೊಳಗೆ ಹೊಕ್ಕು, ದವಡೆಹಲ್ಲುಗಳ ಬೇರಿನ ಕೆಳಗೆ ಒಂದು ಕಾಲುವೆಯಲ್ಲಿ ಮುಂದಕ್ಕೆ ಸಾಗುತ್ತವೆ. ದಾರಿಯುದ್ದಕ್ಕೂ ಹಲ್ಲುಗಳಿಗೆ ಸಣ್ಣ ಕವಲುಗಳನ್ನು ಕೊಡುತ್ತವೆ.

ಮಧ್ಯದ ಹಲ್ಲಿನಿಂದ ಹಿಂದಕ್ಕೆ ಎಣಿಸಿ. ನಾಲ್ಕು, ಐದನೆಯ ಹಲ್ಲಿನ ಹತ್ತಿರ ನರ ಎರಡಾಗುತ್ತದೆ. ಒಂದು ಕವಲು ಮೂಳೆಯೊಳಗೇ ಉಳಿದು ಮುಂದಿನ ಹಲ್ಲುಗಳಿಗೆ ಹೋಗುತ್ತದೆ. ಇನ್ನೊಂದು ಹೊರಮೈಯ ಕಿಂಡಿಯಿಂದ ಹೊರಬಂದು ಕೆಳತುಟಿ, ಗಲ್ಲ, ಅಲ್ಲಿನ ಒಸಡಿಗೆ ಹರಡುತ್ತದೆ. ಹೊರಗೆ ಬರುವ ಆ ಕಿಂಡಿಯೇ ಮೆಂಟಲ್ ಫೋರಮೆನ್. ರಿಪೋರ್ಟಿನಲ್ಲಿ ಈ ಹೆಸರು ನೋಡಿ ಹೆದರಬೇಡಿ, ಇಲ್ಲಿ ಮೆಂಟಲ್ ಅಂದರೆ ಗಲ್ಲಕ್ಕೆ ಸಂಬಂಧಪಟ್ಟದ್ದು, ಮನಸ್ಸಿಗಲ್ಲ.

ಕೆಳಗಿನ ದವಡೆಹಲ್ಲು ಕೀಳಬೇಕಾದರೆ ಗಂಟಲ ಹತ್ತಿರ, ಅಷ್ಟು ಹಿಂದೆ ಯಾಕೆ ಸೂಜಿ ಚುಚ್ಚುತ್ತಾರೆ ಅಂತ ಬಹಳ ಜನ ಕೇಳುತ್ತಾರೆ. ಮೇಲ್ದವಡೆಯ ಹೊರಮೂಳೆ ತೆಳ್ಳಗಿದೆ. ಒಸಡಿನ ಬಳಿ ಕೊಟ್ಟ ಮದ್ದು ಇಂಗಿ ಹಲ್ಲಿನ ನರ ಮುಟ್ಟುತ್ತದೆ. ಕೆಳದವಡೆಹಲ್ಲುಗಳ ಸುತ್ತ ಮೂಳೆ ದಪ್ಪ, ಮದ್ದು ಇಂಗುವುದಿಲ್ಲ. ಅದಕ್ಕೇ ನರ ಮೂಳೆಯೊಳಗೆ ಹೋಗುವ ಮೊದಲೇ, ಆ ಹಿಂದಿನ ತೂತಿನ ಬಾಗಿಲಲ್ಲೇ ಅದನ್ನು ಹಿಡಿಯಬೇಕು. 1880ರ ದಶಕದಲ್ಲಿ ಅಮೆರಿಕದ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಕೊಕೇನ್ ಬಳಸಿ ಇದನ್ನು ಮಾಡಿ ತೋರಿಸಿದರು. ಮದ್ದು ಬದಲಾಯಿತು, ಗುರಿ ಇವತ್ತಿಗೂ ಅದೇ ತೂತು. ಚುಚ್ಚಿದ ಮೇಲೆ ‘ತುಟಿ ದಪ್ಪ ಆದ ಹಾಗೆ ಅನ್ನಿಸ್ತಾ ಇದೆಯಾ?’ ಅಂತ ನಾವು ಕೇಳುವುದು ಸುಮ್ನೆ ಅಲ್ಲ. ಹಿಂದಿನ ತೂತಿನ ಬಳಿ ಕೊಟ್ಟ ಮದ್ದು ಸರಿಯಾಗಿ ಹಿಡಿದಿದ್ದರೆ ಮುಂದಿನ ಕಿಂಡಿಯಿಂದ ಬರುವ ತುಟಿಯ ನರವೂ ಮರಗಟ್ಟಲೇಬೇಕು.

ಮಕ್ಕಳಲ್ಲಿ ಹಿಂದಿನ ತೂತು ಇನ್ನೂ ಕೆಳಗಿರುತ್ತದೆ, ಹಲ್ಲುಗಳ ಮೇಲ್ಮಟ್ಟದ ಸಮಕ್ಕೆ ಅಥವಾ ಅದಕ್ಕಿಂತ ಕೆಳಗೆ. ದವಡೆ ಬೆಳೆದಂತೆ ತೂತು ಆ ಮಟ್ಟಕ್ಕಿಂತ ಮೇಲಕ್ಕೆ ಹೋಗುತ್ತದೆ. ಹಾಗಾಗಿ ಮಕ್ಕಳಿಗೆ ಸೂಜಿಯನ್ನು ದೊಡ್ಡವರಿಗಿಂತ ಕೆಳಗೆ ಗುರಿಯಿಡುತ್ತೇವೆ.

ಕಪ್ಪು ಯಾಕೆ ಕಪ್ಪು

1895ರ ನವೆಂಬರಿನಲ್ಲಿ ರಾಂಟ್‌ಜೆನ್ ಎಕ್ಸ್ ಕಿರಣ ಕಂಡುಹಿಡಿದರು. ಎರಡೇ ತಿಂಗಳಲ್ಲಿ, 1896ರ ಜನವರಿಯಲ್ಲಿ, ಜರ್ಮನಿಯ ದಂತವೈದ್ಯ ಆಟೋ ವಾಲ್ಕಾಫ್ ತಮ್ಮದೇ ಹಲ್ಲಿನ ಚಿತ್ರ ತೆಗೆದರು. ಅದಕ್ಕಾಗಿ 25 ನಿಮಿಷ ಕಿರಣಕ್ಕೆ ಬಾಯಿ ಒಡ್ಡಿ ಕೂತಿದ್ದರು. ಈಗ ಅದೇ ಕೆಲಸ ಸೆಕೆಂಡಿನ ಸಣ್ಣ ಪಾಲಿನಲ್ಲಿ ಮುಗಿಯುತ್ತದೆ. ಆದರೆ ಚಿತ್ರ ಮೂಡುವ ಬಗೆ ಒಂದೇ. ಕಿರಣ ಎಲ್ಲಿ ತಡೆಯಿಲ್ಲದೆ ದಾಟುತ್ತದೋ ಅಲ್ಲಿ ಕಪ್ಪು. ಎಲ್ಲಿ ಸುಣ್ಣದ ಅಂಶ ಜಾಸ್ತಿ ಇದ್ದು ಕಿರಣ ತಡೆಯುತ್ತದೋ ಅಲ್ಲಿ ಬಿಳಿ.

ದವಡೆಯ ಮೂಳೆಯಲ್ಲಿ ಎರಡು ಬಗೆ ಇದೆ. ಹೊರಗೆ ಗಟ್ಟಿ ಪದರ, ಒಳಗೆ ಜಾಲರಿಯಂಥ ಸಡಿಲ ಮೂಳೆ. ಒಳಗಿನ ಜಾಲರಿ ಮಾತ್ರ ಕರಗಿದ್ದರೆ ಸಾದಾ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಏನೂ ಕಾಣುವುದಿಲ್ಲ. ಗಟ್ಟಿ ಪದರಕ್ಕೆ ಹಾನಿ ತಟ್ಟಿದಾಗ ಕಪ್ಪು ಎದ್ದು ಕಾಣುತ್ತದೆ. ಮೆಂಟಲ್ ಫೋರಮೆನ್ ಅನ್ನುವುದು ಆ ಗಟ್ಟಿ ಪದರದಲ್ಲೇ ಇರುವ ತೂತು. ಹಾಗಾಗಿ ಬರೀ 3, 4 ಮಿಲಿಮೀಟರ್ ಅಗಲದ ಕಿಂಡಿ ಕೂಡ ದೊಡ್ಡ ಕೀವಿನ ಗೂಡಿನಷ್ಟೇ ಕಪ್ಪಾಗಿ ಕಾಣಬಲ್ಲದು.

ಇನ್ನೊಂದು ವಿಷಯ, ಚಿತ್ರ ಚಪ್ಪಟೆ. ದವಡೆಯ ಹೊರಮೈ, ಹಲ್ಲಿನ ಬೇರು, ಒಳಮೈ, ಮೂರೂ ಒಂದರ ಮೇಲೊಂದು ಬಿದ್ದಿರುತ್ತವೆ. ಬೇರಿನ ತುದಿಯಲ್ಲಿ ಕಪ್ಪು ಕಂಡರೆ ಅದು ಬೇರಿನ ತುದಿಯಲ್ಲೇ ಇರಬೇಕೆಂದೇನೂ ಇಲ್ಲ. ಬೇರಿನ ಮುಂದೆಯೂ ಇರಬಹುದು, ಹಿಂದೆಯೂ ಇರಬಹುದು.

ಕಿರಣದ ದಿಕ್ಕು ಎಷ್ಟು ಮುಖ್ಯ ಅಂತ ಹೇಳಬೇಕಾದರೆ, ಬಿದಿರಿನ ಕೊಳವೆಯನ್ನು ಕಣ್ಣಿಗೆ ನೆಟ್ಟಗೆ ಹಿಡಿದರೆ ಆ ಕಡೆಯ ಬೆಳಕು ದುಂಡಗೆ ಕಾಣುತ್ತದೆ, ಓರೆ ಮಾಡಿದರೆ ಬೆಳಕು ಮಾಯವಾಗಿ ಗೋಡೆ ಮಾತ್ರ ಕಾಣುತ್ತದೆ ಅಲ್ವಾ? ಮೂಳೆಯ ಕಿಂಡಿಗಳೂ ಹಾಗೆಯೇ. ಕಿರಣ ಕಿಂಡಿಯ ಉದ್ದಕ್ಕೆ ಸರಿಯಾಗಿ ಹೊಕ್ಕರೆ ಅಚ್ಚುಕಟ್ಟಾದ ಕಪ್ಪು ಬೊಟ್ಟು. ಓರೆಯಾಗಿ ಬಂದರೆ ಮಸುಕು ನೆರಳು, ಕೆಲವೊಮ್ಮೆ ಏನೂ ಇಲ್ಲ. ಹಾಗಾಗಿ ಎಕ್ಸ್‌ರೇಯಲ್ಲಿ ಕಾಣಲಿಲ್ಲ ಅಂದ ಮಾತ್ರಕ್ಕೆ ಕಿಂಡಿ ಇಲ್ಲ ಅನ್ನುವ ಹಾಗಿಲ್ಲ.

ಅತಿ ಹೆಚ್ಚು ಮೋಸ ಮಾಡುವ ಕಿಂಡಿ

ಬಿಡಿಎಸ್ ಮೊದಲ ವರ್ಷದಲ್ಲಿ ಒಣಗಿದ ದವಡೆ ಮೂಳೆಯನ್ನು ಕೈಗೆ ಕೊಡುತ್ತಾರೆ. ಅದರ ಮೆಂಟಲ್ ಫೋರಮೆನ್‌ಗೆ ಒಂದು ತೆಳು ತಂತಿ ತೂರಿಸಿ ನೋಡಬೇಕು. ತಂತಿ ನೇರ ಒಳಗೆ ಹೋಗುವುದಿಲ್ಲ. ಹೊರಗಿರುವ ತುದಿ ಮೇಲಕ್ಕೆ, ಹಿಂದಕ್ಕೆ ಓರೆಯಾಗಿ ನಿಲ್ಲುತ್ತದೆ. ದೊಡ್ಡವರಲ್ಲಿ ಕಿಂಡಿಯ ಬಾಯಿ ತೆರೆದಿರುವುದೇ ಆ ಕಡೆಗೆ. ಹುಟ್ಟುವಾಗ ಹೀಗಿರುವುದಿಲ್ಲ. ಆಗ ಅದು ಕೋರೆಹಲ್ಲಿಗೂ ಮೊದಲ ಹಾಲು ದವಡೆಹಲ್ಲಿಗೂ ನಡುವೆ ಇದ್ದು ಮುಂದಕ್ಕೆ ನೋಡುತ್ತಿರುತ್ತದೆ. ಗಲ್ಲ ಮುಂದೆ ಬಂದಂತೆ ದಿಕ್ಕು ತಿರುಗುತ್ತದೆ. ಒಂದೇ ಒಂದು ಮೂಳೆಯಲ್ಲಿ ತಂತಿ ತೂರಿಸಿದವರಿಗೂ, ಎದುರಿನಿಂದ ಬರುವ ಕಿರಣಕ್ಕೆ ಈ ಕಿಂಡಿ ಯಾಕೆ ಕೆಲವೊಮ್ಮೆ ಸಿಗುವುದಿಲ್ಲ ಅನ್ನುವುದು ಕೈಯಲ್ಲೇ ತಿಳಿದುಬಿಡುತ್ತದೆ.

ಎಲ್ಲಿರುತ್ತದೆ? ನಮ್ಮ ದೇಶದವರಲ್ಲಿ ಹೆಚ್ಚಾಗಿ ಐದನೆಯ ಹಲ್ಲಿನ, ಅಂದರೆ ಎರಡನೆಯ ಪ್ರೀಮೋಲಾರ್‌ನ ಬೇರಿನ ನೇರಕ್ಕೆ, ಅದರ ಕೆಳಗೆ. ಯುರೋಪ್ ಮೂಲದವರಲ್ಲಿ ನಾಲ್ಕು ಮತ್ತು ಐದನೆಯ ಹಲ್ಲಿನ ನಡುವೆ ಇರುವುದು ಹೆಚ್ಚು. ವಿದೇಶಿ ಪುಸ್ತಕ ಓದಿ ಬಂದ ವಿದ್ಯಾರ್ಥಿ ಇಲ್ಲಿನ ರೋಗಿಯಲ್ಲಿ ಸ್ವಲ್ಪ ಹಿಂದಕ್ಕೆ ಹುಡುಕಬೇಕಾಗುತ್ತದೆ. ಇನ್ನೂ ಹಳೆಯ ಕಾಲಕ್ಕೆ ಹೋದರೆ, ನಿಯಾಂಡರ್ತಲ್ ಮಾನವರ ದವಡೆಗಳಲ್ಲಿ ಇದೇ ಕಿಂಡಿ ಸಾಮಾನ್ಯವಾಗಿ ಮೊದಲ ದವಡೆಹಲ್ಲಿನ ಕೆಳಗೇ ಸಿಗುತ್ತದೆ.

ಚೀಟಿಯ ಮೇಲೆ ಡಾಕ್ಟ್ರು 35 ಅಥವಾ 45 ಅಂತ ಬರೆದಿದ್ದರೆ ಅದು ಈ ಐದನೆಯ ಹಲ್ಲು, 35 ಎಡಗಡೆಯದು, 45 ಬಲಗಡೆಯದು. ಅದರ ಬೇರಿನ ತುದಿಯೂ ಕಿಂಡಿಯೂ ಚಿತ್ರದಲ್ಲಿ ಒಂದರ ಮೇಲೊಂದು ಕೂತರೆ, ನೋಡಲು ಥೇಟ್ ಕೀವಿನ ಗೂಡು.

ಬೇರ್ಪಡಿಸುವುದು ಹೇಗೆ? ಮೊದಲು ಬೇರಿನ ಅಂಚನ್ನು ನೋಡುತ್ತೇವೆ. ಆರೋಗ್ಯವಾದ ಬೇರಿನ ಸುತ್ತ ದಾರದಷ್ಟು ತೆಳುವಾದ ಕಪ್ಪು ಗೆರೆ, ಅದರಾಚೆ ತೆಳುವಾದ ಬಿಳಿ ಗೆರೆ ಇರುತ್ತದೆ. ಆ ಬಿಳಿ ಗೆರೆಗೆ ಲ್ಯಾಮಿನಾ ಡ್ಯೂರಾ ಅನ್ನುತ್ತಾರೆ. ಹಲ್ಲು ಕೂತಿರುವ ಗುಳಿಯ ಗಟ್ಟಿ ಗೋಡೆ ಅದು. ಕೀವು ಆಗಿದ್ದರೆ ಬೇರಿನ ತುದಿಯಲ್ಲಿ ಈ ಗೋಡೆ ಕರಗಿ ಗೆರೆ ತುಂಡಾಗಿರುತ್ತದೆ, ಕಪ್ಪು ಗೆರೆ ಅಗಲವಾಗಿ ಆ ಕಪ್ಪು ಚುಕ್ಕೆಯೊಳಕ್ಕೇ ಹರಿದು ಸೇರಿರುತ್ತದೆ. ಕಿಂಡಿಯಾದರೆ ಕಪ್ಪಿನ ನಡುವೆಯೂ ಬಿಳಿ ಗೆರೆ ತುದಿಯನ್ನು ಸುತ್ತಿಕೊಂಡು ಹೋಗಿರುವುದು ಕಾಣುತ್ತದೆ. ಚಿತ್ರವನ್ನು ದೊಡ್ಡದು ಮಾಡಿ, ಬೆಳಕು ಹೆಚ್ಚುಕಡಿಮೆ ಮಾಡಿ, ಆ ಗೆರೆಯನ್ನು ಬೆರಳಿಟ್ಟು ಹಿಂಬಾಲಿಸಬೇಕು. ಇಷ್ಟಾದರೂ ಕೆಲವೊಮ್ಮೆ ಸಾಲುವುದಿಲ್ಲ. ಕಿಂಡಿಯ ಕಪ್ಪು ಜಾಸ್ತಿಯಾಗಿ ಅದರೊಳಗೆ ತೆಳು ಗೆರೆ ಮುಚ್ಚಿಹೋಗಿರುತ್ತದೆ.

ಆಗ ಇನ್ನೊಂದು ಚಿತ್ರ ತೆಗೆಯುತ್ತೇವೆ. ಇದೇ ಹಲ್ಲು, ಬಾಯೊಳಗಿಟ್ಟು ಕಿರಣ ಹಿಡಿಯುವ ಇದೇ ಸೆನ್ಸರ್, ಆದರೆ ಕಿರಣದ ಟ್ಯೂಬನ್ನು ಸ್ವಲ್ಪ ಮುಂದಕ್ಕೆ, ಗಲ್ಲದ ನಡುವಿನ ಕಡೆಗೆ ಸರಿಸಿ, ಓರೆಯಾಗಿ. ಸಿ. ಎ. ಕ್ಲಾರ್ಕ್ ಅನ್ನುವವರು 1910ರಲ್ಲಿ ವಿವರಿಸಿದ ಉಪಾಯ ಇದು. ಯಾಕೆ ಕೆಲಸ ಮಾಡುತ್ತದೆ ನೋಡಿ. ಸೆನ್ಸರ್ ನಾಲಿಗೆಯ ಕಡೆ ಇದೆ. ಟ್ಯೂಬ್ ಕೆನ್ನೆಯ ಕಡೆ ಇದೆ. ಕಿಂಡಿ ಕೆನ್ನೆಯ ಕಡೆಯ ಮೂಳೆಯ ಮೈಮೇಲೆ, ಬೇರಿಗಿಂತ ಟ್ಯೂಬಿಗೆ ಹತ್ತಿರ. ಟ್ಯೂಬ್ ಮುಂದೆ ಸರಿದಾಗ ಹತ್ತಿರದ ವಸ್ತುವಿನ ನೆರಳು ದೂರದ್ದಕ್ಕಿಂತ ಜಾಸ್ತಿ ಹಿಂದಕ್ಕೆ ಜಾರುತ್ತದೆ. ಅಂದರೆ ಎರಡನೆಯ ಚಿತ್ರದಲ್ಲಿ ಕಪ್ಪು ಚುಕ್ಕೆ ಬೇರಿನ ತುದಿಯನ್ನು ಬಿಟ್ಟು ದವಡೆಹಲ್ಲಿನ ಕಡೆಗೆ ಹೋಗಿರುತ್ತದೆ, ಬೇರಿನ ತುದಿಯಲ್ಲಿ ಒಳ್ಳೆಯ ಮೂಳೆ ತೆರೆದುಕೊಳ್ಳುತ್ತದೆ. ಕೀವಿನ ಗೂಡಾದರೆ ಟ್ಯೂಬನ್ನು ಎತ್ತ ಸರಿಸಿದರೂ ಅದು ತುದಿಗೆ ಅಂಟಿಕೊಂಡೇ ಬರುತ್ತದೆ. ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟಾಗ ಚುಕ್ಕೆ ಸರಿದದ್ದು ರೋಗಿಗೂ ಬರಿಗಣ್ಣಿಗೆ ಕಾಣುತ್ತದೆ. ಕೇಳಿ ನೋಡಿ, ಒಳ್ಳೆಯ ಡಾಕ್ಟ್ರು ಖುಷಿಯಿಂದ ತೋರಿಸುತ್ತಾರೆ.

ಕೊನೆಗೆ ಹಲ್ಲನ್ನೇ ಕೇಳಬೇಕು. ಹತ್ತಿಯ ಉಂಡೆಗೆ ತಣ್ಣನೆಯ ಸ್ಪ್ರೇ ಹೊಡೆದು ಹಲ್ಲಿಗೆ ಮುಟ್ಟಿಸುತ್ತೇವೆ. ಮೊದಲು ಪಕ್ಕದ ಹಲ್ಲಿಗೆ, ಆಚೆ ಬದಿಯ ಇದೇ ಹಲ್ಲಿಗೆ ಮುಟ್ಟಿಸಿ ಆ ಮನುಷ್ಯರಿಗೆ ಸಾಮಾನ್ಯವಾಗಿ ಹೇಗೆ ಅನ್ನಿಸುತ್ತದೆ ಅಂತ ತಿಳಿದುಕೊಳ್ಳುತ್ತೇವೆ. ಆಮೇಲೆ ಅನುಮಾನದ ಹಲ್ಲಿಗೆ. ಛಳಕ್ ಅಂದು, ಹತ್ತಿ ತೆಗೆದ ಕೂಡಲೇ ಹೋದರೆ ಒಳಗಿನ ನರ ಬದುಕಿದೆ. ಹುಳುಕಿಲ್ಲದ, ಹಿಂದೆ ಪೆಟ್ಟು ಬೀಳದ, ತುಂಬಿಸದ, ತಣ್ಣಗೆ ಮುಟ್ಟಿದರೆ ಸರಿಯಾಗಿ ಉತ್ತರ ಕೊಡುವ ಹಲ್ಲಿನ ಬುಡದಲ್ಲಿ ಕಪ್ಪು ಕಂಡರೆ, ಕೊರೆಯುವ ಮಾತು ಆಡುವ ಮೊದಲು ನೂರು ಸಲ ಯೋಚಿಸಬೇಕು. ಈ ಪರೀಕ್ಷೆಗೆ ಎರಡು ನಿಮಿಷ ಸಾಕು. ಆದರೂ ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಇದೇ ಅನ್ನುವುದು ನನಗೆ ಬೇಸರದ ವಿಷಯ.

ಹಳೆಯ ಎಕ್ಸ್‌ರೇ ಮನೆಯಲ್ಲಿದ್ದರೆ ತನ್ನಿ. ಬೆಳೆದವರಲ್ಲಿ ಕಿಂಡಿ ದೊಡ್ಡದಾಗುವುದಿಲ್ಲ. ಐದು ವರ್ಷದ ಹಿಂದಿನ ಚಿತ್ರದಲ್ಲೂ ಅಷ್ಟೇ ಇದ್ದರೆ ಅರ್ಧ ಅನುಮಾನ ಅಲ್ಲೇ ತೀರಿತು. ಇನ್ನೊಂದು ಬದಿಯ ಚಿತ್ರವೂ ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ಕಿಂಡಿ ಎರಡೂ ಬದಿ ಇರುತ್ತದೆ, ಹೆಚ್ಚುಕಡಿಮೆ ಒಂದೇ ಜಾಗದಲ್ಲಿ.

ಮುಂದಿನ ಹಲ್ಲುಗಳ ಬುಡದಲ್ಲಿ ಮೂರನೆಯ ಸಾಧ್ಯತೆಯೂ ಇದೆ. ನಡುವಯಸ್ಸಿನ ಹೆಂಗಸರಲ್ಲಿ ಕೆಳಗಿನ ಮುಂಬಾಚಿ ಹಲ್ಲುಗಳ ಬುಡದ ಮೂಳೆ ಕೆಲವೊಮ್ಮೆ ತಾನಾಗಿಯೇ ಬದಲಾಗಿ ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ, ವರ್ಷಗಳಾದಂತೆ ಅವು ಬಿಳಿಯಾಗುತ್ತವೆ. ಹಲ್ಲು ಬದುಕೇ ಇರುತ್ತದೆ, ಸಾಮಾನ್ಯವಾಗಿ ಚಿಕಿತ್ಸೆಯೂ ಬೇಕಿಲ್ಲ. ಇಲ್ಲೂ ಹಲ್ಲು ಉಳಿಸುವುದು ಆ ತಣ್ಣನೆಯ ಹತ್ತಿಯೇ.

ನಡುಗಲ್ಲದ ಸಣ್ಣ ಬೊಟ್ಟು

ಕೆಳಗಿನ ಮುಂದಿನ ಎರಡು ಹಲ್ಲುಗಳ ಬೇರಿನ ಕೆಳಗೆ, ಸರಿಯಾಗಿ ನಡುವೆ, ಒಂದು ಚಿಕ್ಕ ಬಿಳಿ ಬಳೆ, ಅದರ ನಡುವೆ ಸೂಜಿಮೊನೆಯಷ್ಟು ಕಪ್ಪು ಬೊಟ್ಟು ಕಂಡರೆ ಅದು ಲಿಂಗ್ವಲ್ ಫೋರಮೆನ್. ದವಡೆಯ ಒಳಮೈಯಲ್ಲಿ, ನಾಲಿಗೆಯ ಕಡೆ ಇರುವ ತೂತು. ಅಗಲ ಸಾಮಾನ್ಯವಾಗಿ 1 ಮಿಲಿಮೀಟರಿನ ಆಸುಪಾಸು. ಸುತ್ತಲಿನ ಬಿಳಿ ಎರಡು ಕಾರಣಕ್ಕೆ. ತೂತಿನ ಗೋಡೆ ಗಟ್ಟಿ ಮೂಳೆಯದು, ಜೊತೆಗೆ ಅದೇ ಜಾಗದಲ್ಲಿ ಜೀನಿಯಲ್ ಟ್ಯೂಬರ್ಕಲ್ ಅನ್ನುವ ಮೂಳೆಯ ಸಣ್ಣ ಗುಬುಟುಗಳಿವೆ. ನಾಲಿಗೆಯನ್ನು ಮುಂದಕ್ಕೆ ಎಳೆಯುವ ಸ್ನಾಯು ಅಲ್ಲಿಂದಲೇ ಹೊರಡುತ್ತದೆ.

ಇದನ್ನು ಕೀವು ಅಂತ ತಪ್ಪು ತಿಳಿಯುವುದು ಅಪರೂಪ. ಬೇರಿನ ತುದಿಯಿಂದ ದೂರ ಇರುತ್ತದೆ, ಸುತ್ತ ಅಚ್ಚುಕಟ್ಟಾದ ಬಿಳಿ ಇರುತ್ತದೆ. ಇದರ ಅಪಾಯ ಬೇರೆ ಕಡೆ ಇದೆ. ಈ ತೂತಿನಿಂದ ಮೂಳೆಯೊಳಗೆ ರಕ್ತನಾಳ ಹೋಗುತ್ತದೆ. ಇದೇ ಒಳಮೈಯಲ್ಲಿ, ಪ್ರೀಮೋಲಾರ್‌ಗಳ ಹತ್ತಿರವೂ ಇಂಥ ಸಣ್ಣ ತೂತುಗಳು ಹಲವರಲ್ಲಿ ಇರುತ್ತವೆ. ಮುಂಭಾಗದಲ್ಲಿ ಇಂಪ್ಲಾಂಟ್, ಅಂದರೆ ಮೂಳೆಯೊಳಗೆ ಕೂರಿಸುವ ಕೃತಕ ಬೇರು, ಹಾಕಲು ಕೊರೆಯುವಾಗ ಡ್ರಿಲ್ ಒಳಮೈಯನ್ನು ತೂರಿ ಈ ನಾಳಗಳನ್ನು ಹರಿದರೆ ರಕ್ತ ಹೊರಗೆ ಬರುವುದಿಲ್ಲ. ನಾಲಿಗೆಯ ಕೆಳಗಿನ ಸಡಿಲ ಜಾಗದಲ್ಲಿ ತುಂಬುತ್ತದೆ. ನಾಲಿಗೆ ಮೇಲಕ್ಕೆ, ಹಿಂದಕ್ಕೆ ಒತ್ತಿ ಉಸಿರುದಾರಿ ಮುಚ್ಚುತ್ತದೆ. ಉಸಿರಿಗಾಗಿ ಕತ್ತಿನಲ್ಲಿ ತೂತು ಮಾಡಬೇಕಾಗಿ ಬಂದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಒಂದು ಮಿಲಿಮೀಟರಿನ ತೂತಿಗೆ ಇಷ್ಟೊಂದು ಮರ್ಯಾದೆ ಕೊಡಬೇಕಾದದ್ದು ಅದಕ್ಕೇ.

ಮುಂದಿನ ಹಲ್ಲುಗಳ ನಡುವೆ ನೆಟ್ಟಗೆ ಇಳಿಯುವ ತೆಳು ಕಪ್ಪು ಗೆರೆಗಳೂ ಕಾಣಬಹುದು. ಅವು ಮೂಳೆಯೊಳಗಿನ ರಕ್ತನಾಳದ ದಾರಿಗಳು. ಬಿರುಕು ಅಂತ ಹೆದರಬೇಕಿಲ್ಲ.

ಇನ್ನೂ ಕೆಲವು ಕಿಂಡಿಗಳು ಎಲ್ಲರಲ್ಲೂ ಇರುವುದಿಲ್ಲ. ಕೆಲವರಲ್ಲಿ ಮೆಂಟಲ್ ಫೋರಮೆನ್‌ನ ಪಕ್ಕದಲ್ಲಿ ಇನ್ನೊಂದು ಪುಟ್ಟ ಕಿಂಡಿ ಇರುತ್ತದೆ, ಅದರಿಂದಲೂ ನರದ ಎಳೆ ಬರುತ್ತದೆ. ಕೆಲವರಲ್ಲಿ ಕೊನೆಯ ದವಡೆಹಲ್ಲಿನ ಹಿಂದೆ ರೆಟ್ರೋಮೋಲಾರ್ ಕಿಂಡಿ ಇರುತ್ತದೆ. ಇಂಜೆಕ್ಷನ್ ಸರಿಯಾಗಿಯೇ ಕೊಟ್ಟು ತುಟಿ ಮರಗಟ್ಟಿದ್ದರೂ ‘ಡಾಕ್ಟ್ರೇ, ಇನ್ನೂ ನೋಯ್ತಾ ಇದೆ’ ಅಂತ ರೋಗಿ ಹೇಳಿದರೆ ನಂಬಬೇಕು. ಇಂಥ ಬೇರೆ ದಾರಿಯಿಂದ ಬಂದ ನರ ಅಲ್ಲಿರಬಹುದು. ರೋಗಿ ನಾಟಕ ಮಾಡುತ್ತಿಲ್ಲ.

ಓಪಿಜಿ ನೋಡುವ ಬಗೆ

ಎರಡೂ ದವಡೆ ಒಂದೇ ಚಿತ್ರದಲ್ಲಿ ಬರುವ ದೊಡ್ಡ ಎಕ್ಸ್‌ರೇಗೆ ಓಪಿಜಿ ಅನ್ನುತ್ತೇವೆ. ಯಂತ್ರ ತಲೆಯ ಸುತ್ತ ತಿರುಗುತ್ತದೆ. ಫಿನ್‌ಲ್ಯಾಂಡಿನ ಯೂರ್ಯೊ ಪಾಟೆರೊ ಕಳೆದ ಶತಮಾನದ ನಡುವೆ ಇದನ್ನು ರೂಪಿಸಿದರು. ಯಂತ್ರ ಒಂದು ಬಾಗಿದ ಪದರದಲ್ಲಿ ಇರುವುದನ್ನು ಮಾತ್ರ ಸ್ಪಷ್ಟವಾಗಿ ತೋರಿಸುತ್ತದೆ, ಆಚೀಚೆ ಇರುವುದು ಮಸುಕಾಗುತ್ತದೆ. ಎಲ್ಲವೂ ನಿಜಕ್ಕಿಂತ ಸುಮಾರು ಶೇಕಡ 20ರಿಂದ 30 ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಓಪಿಜಿ ಮೇಲೆ ಸ್ಕೇಲ್ ಇಟ್ಟು ಅಳೆದು ಇಂಪ್ಲಾಂಟ್ ಹಾಕುವುದು ಒಳ್ಳೆಯ ಅಭ್ಯಾಸ ಅಲ್ಲ.

ಚಿತ್ರದಲ್ಲಿ ರೇಮಸ್‌ನ ನಡುವೆ ಮಸುಕಾದ ಕಪ್ಪು ಜಾಗ ಹುಡುಕಿ. ಅದು ಹಿಂದಿನ ತೂತು. ಅಲ್ಲಿಂದ ಕಣ್ಣನ್ನು ಕೆಳಕ್ಕೆ, ಮುಂದಕ್ಕೆ ತನ್ನಿ. ಎರಡು ತೆಳು ಬಿಳಿ ಗೆರೆಗಳ ನಡುವೆ ಒಂದು ಕಪ್ಪು ಪಟ್ಟಿ ಬಾಗಿ ಬರುತ್ತದೆ, ಅದೇ ಕಾಲುವೆ. ಅದು ಮುಂದೆ ಬಂದು ಸಣ್ಣಗೆ ಮೇಲೆದ್ದು ಮುಗಿಯುವ ಕಡೆ ಮೆಂಟಲ್ ಫೋರಮೆನ್. ಯಾವಾಗಲೂ ಇಷ್ಟು ಸಲೀಸಾಗಿ ಸಿಗುವುದಿಲ್ಲ. 1989ರಲ್ಲಿ ಯೋಸುವೆ ಮತ್ತು ಬ್ರೂಕ್ಸ್ ಅನ್ನುವವರು ಓಪಿಜಿಯಲ್ಲಿ ಇದು ಕಾಣುವ ಬಗೆಯನ್ನು ನಾಲ್ಕಾಗಿ ವಿಂಗಡಿಸಿದರು: ಕಾಲುವೆಗೆ ಅಂಟಿಕೊಂಡೇ ಕಾಣುವುದು, ಕಾಲುವೆಯಿಂದ ಬೇರೆಯಾಗಿ ದುಂಡಗೆ ಕಾಣುವುದು, ಅಂಚು ತಿಳಿಯದಂತೆ ಮಸುಕಾಗಿ ಕಾಣುವುದು, ಕಾಣದೇ ಇರುವುದು. ನಾಲ್ಕೂ ಸಹಜವೇ.

ಬುದ್ಧಿಹಲ್ಲು ತೆಗೆಯುವ ಮೊದಲು ಈ ಕಾಲುವೆಯನ್ನು ಗಮನವಿಟ್ಟು ನೋಡುತ್ತೇವೆ. ಬೇರು ಕಾಲುವೆಗೆ ತೀರಾ ಹತ್ತಿರ ಇದ್ದರೆ ತೆಗೆಯುವಾಗ ನರಕ್ಕೆ ಏಟು ಬಿದ್ದು ತುಟಿ ಜೋಮು ಹಿಡಿಯಬಹುದು. ರೂಡ್ ಮತ್ತು ಶೆಹಾಬ್ 1990ರಲ್ಲಿ ತೋರಿಸಿದ ಮೂರು ಗುರುತುಗಳನ್ನು ಇವತ್ತಿಗೂ ಹುಡುಕುತ್ತೇವೆ. ಕಾಲುವೆ ದಾಟುವ ಕಡೆ ಬೇರು ಕಪ್ಪಾಗುವುದು, ಕಾಲುವೆಯ ಬಿಳಿ ಗೆರೆ ಅಲ್ಲೇ ತುಂಡಾಗುವುದು, ಕಾಲುವೆ ಬೇರಿನ ಬಳಿ ದಾರಿ ಬದಲಿಸುವುದು. ಇವು ಕಂಡರೆ ಸಿಬಿಸಿಟಿ ಬೇಕಾಗಬಹುದು. 1990ರ ದಶಕದ ಕೊನೆಯಲ್ಲಿ ಇಟಲಿ, ಜಪಾನ್‌ಗಳಲ್ಲಿ ಬಂದ ಈ ಮೂರು ಆಯಾಮದ ಸ್ಕ್ಯಾನ್‌ನಲ್ಲಿ ದವಡೆಯನ್ನು ಹೋಳುಹೋಳಾಗಿ ನೋಡಬಹುದು. ಕಿಂಡಿ ಹೊರಮೈಯಲ್ಲಿದೆಯೋ ಬೇರಿನ ತುದಿಯಲ್ಲಿದೆಯೋ ಅನ್ನುವ ಜಗಳ ಅಲ್ಲಿ ಮುಗಿಯುತ್ತದೆ. ಹಾಗಂತ ಎಲ್ಲರಿಗೂ ಅದನ್ನು ಬರೆದುಕೊಡುವುದು ಸರಿಯಲ್ಲ. ಕಿರಣ ಜಾಸ್ತಿ, ಖರ್ಚೂ ಜಾಸ್ತಿ. ತಣ್ಣನೆಯ ಹತ್ತಿ, ಓರೆ ಎಕ್ಸ್‌ರೇ ಎರಡರಲ್ಲೇ ಉತ್ತರ ಸಿಕ್ಕರೆ ಸಾಕು.

ಇಂಪ್ಲಾಂಟ್ ಮಾತ್ರ ಬೇರೆ ಲೆಕ್ಕ. ಕೆಲವರಲ್ಲಿ ನರ ಕಿಂಡಿಯನ್ನು ದಾಟಿ ಮುಂದೆ ಹೋಗಿ, ಅಲ್ಲಿಂದ ಸುತ್ತು ಹಾಕಿ ಹಿಂದಕ್ಕೆ ಬಂದು ಹೊರಬೀಳುತ್ತದೆ. ಓಪಿಜಿಯಲ್ಲಿ ಈ ಸುತ್ತು ನಂಬುವ ಹಾಗೆ ಕಾಣುವುದಿಲ್ಲ. ಇಂಪ್ಲಾಂಟಿನ ತುದಿಗೂ ಕಾಲುವೆಗೂ ಕನಿಷ್ಠ 2 ಮಿಲಿಮೀಟರ್ ಅಂತರ ಬಿಡುವುದು ರೂಢಿ. ಅಷ್ಟು ಸಣ್ಣ ಅಂತರ ಕಾಯಬೇಕಾದರೆ ಸ್ಕ್ಯಾನ್ ಬೇಕೇ ಬೇಕು.

ಹಲ್ಲಿನ ಸೆಟ್ಟು ಒತ್ತುವ ಜಾಗ

ಹಲ್ಲೆಲ್ಲ ಬಿದ್ದ ಮೇಲೆ ಹಲ್ಲು ಹಿಡಿದಿದ್ದ ಮೂಳೆ ವರ್ಷವರ್ಷ ಸವೆಯುತ್ತದೆ. ದವಡೆ ತಗ್ಗಾಗುತ್ತದೆ. ಕಿಂಡಿ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ಮೊದಲು ಮೂಳೆಯ ಅರ್ಧ ಎತ್ತರದಲ್ಲಿದ್ದ ಕಿಂಡಿ ಈಗ ಒಸಡಿನ ಮೇಲಂಚಿಗೇ ಬಂದ ಹಾಗಾಗುತ್ತದೆ. ಓಪಿಜಿಯಲ್ಲಿ ನೋಡಿದರೆ ದವಡೆಯ ಮೇಲ್ಗಡೆ ತೆರೆದ ಬಾಯಿಯಂತೆ ಕಾಣುತ್ತದೆ. ಅದರ ಮೇಲೆ ಸೆಟ್ಟು ಕೂತರೆ ಪ್ರತಿ ತುತ್ತಿಗೂ ನರ ಒತ್ತುತ್ತದೆ.

‘ಎಲ್ಲಿ ನೋಯುತ್ತೆ ಅಜ್ಜಿ?’ ಅಂತ ಕೇಳಿದರೆ ಬೆರಳು ಸೆಟ್ಟಿನ ಮೇಲೆ ಹೋಗುವುದಿಲ್ಲ, ತುಟಿಯ ಮೇಲೆ ಹೋಗುತ್ತದೆ.

‘ಇಲ್ಲಿ ಡಾಕ್ಟ್ರಮ್ಮಾ. ರೊಟ್ಟಿ ಕಚ್ಚಿದ್ರೆ ತುಟೀಗೆ ಜುಮ್ ಅಂತ ಹೊಡೀತೈತಿ.’

ತುಟಿಯಲ್ಲಿ ಗಾಯ ಇರುವುದಿಲ್ಲ, ಒಸಡೂ ಕೆಂಪಾಗಿರುವುದಿಲ್ಲ. ಮನೆಯವರು ‘ವಯಸ್ಸಾಯ್ತು, ಏನೇನೋ ಹೇಳ್ತಾರೆ’ ಅಂತಾರೆ. ಒಸಡಿನ ಮೇಲೆ ಆ ಜಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಅಜ್ಜಿ ಬೆಚ್ಚಿಬೀಳುತ್ತಾರೆ, ಗೊತ್ತಾಯಿತು. ಜಾಗಕ್ಕೆ ಗುರುತು ಹಾಕಿ, ಸೆಟ್ಟಿನ ಒಳಮೈಯನ್ನು ಅಲ್ಲಿ ಸ್ವಲ್ಪ ಉಜ್ಜಿ ಸಡಿಲ ಮಾಡಿದರೆ ಎಷ್ಟೋ ಜನಕ್ಕೆ ಅವತ್ತೇ ಆರಾಮ. ಸೆಟ್ಟನ್ನು ಡಬ್ಬಿಯಲ್ಲಿಟ್ಟು ಗಂಜಿ ಕುಡಿದುಕೊಂಡಿರುವ ಹಿರಿಯರು ಮನೆಯಲ್ಲಿದ್ದರೆ ದಯವಿಟ್ಟು ಒಮ್ಮೆ ಕೇಳಿ, ನೋವು ಎಲ್ಲಿ ಅಂತ.

ತುಟಿ ತಾನಾಗಿ ಮರಗಟ್ಟಿದರೆ

ಹಲ್ಲಿನ ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಕೆಲವು ಗಂಟೆ ಜೋಮು ಹಿಡಿಯುವುದು ಸಹಜ. ಯಾವ ಇಂಜೆಕ್ಷನ್ನೂ ಇಲ್ಲದೆ, ಹಲ್ಲು ಕೀಳಿಸದೆ, ಪೆಟ್ಟು ಬೀಳದೆ ಕೆಳತುಟಿ ಅಥವಾ ಗಲ್ಲದ ಒಂದು ಬದಿ ತಾನಾಗಿ ಮರಗಟ್ಟಿದರೆ ಅದು ಸಹಜ ಅಲ್ಲ. ನೋವಿಲ್ಲ ಅಂತ ಜನ ವಾರಗಟ್ಟಲೆ ಬಿಟ್ಟುಬಿಡುತ್ತಾರೆ. ನರದ ದಾರಿಯಲ್ಲಿ ಎಲ್ಲೋ ಅದಕ್ಕೆ ತೊಂದರೆಯಾಗಿರಬಹುದು ಅಂತ ಇದರ ಅರ್ಥ. ಕೆಲವೊಮ್ಮೆ ಹಲ್ಲಿನ ಸೋಂಕು ಕಾರಣ. ಕೆಲವೊಮ್ಮೆ ದೇಹದ ಬೇರೆ ಕಡೆಯ ಕ್ಯಾನ್ಸರ್ ದವಡೆಗೆ ಹರಡಿದ್ದರ ಮೊದಲ ಗುರುತೇ ಇದಾಗಿರುತ್ತದೆ.

ಇಂಥವರ ಓಪಿಜಿ ನೋಡುವಾಗ ಕಿಂಡಿಗಳ ಅಂಚೇ ನಮಗೆ ಮುಖ್ಯ. ಸಹಜ ಕಿಂಡಿಯ ಅಂಚು ನಯವಾಗಿರುತ್ತದೆ, ಕಾಲುವೆಯ ಬಿಳಿ ಗೆರೆಗಳು ಹಿಂದಿನಿಂದ ಮುಂದಿನವರೆಗೆ ಹೆಚ್ಚುಕಡಿಮೆ ಸಮನಾಗಿ ಬರುತ್ತವೆ, ಎರಡೂ ಬದಿ ಒಂದೇ ಥರ ಇರುತ್ತದೆ. ಒಂದು ಬದಿಯ ಕಿಂಡಿ ಅಗಲವಾಗಿದ್ದರೆ, ಅಂಚು ಗೆದ್ದಲು ತಿಂದ ಹಾಗೆ ಹರಿದಿದ್ದರೆ, ಬಿಳಿ ಗೆರೆ ಎಲ್ಲೋ ಕರಗಿಹೋಗಿದ್ದರೆ ಆ ಚುಕ್ಕೆಯನ್ನು ‘ಇದು ಫೋರಮೆನ್, ಬಿಡಿ’ ಅನ್ನುವ ಹಾಗಿಲ್ಲ. ಚಿತ್ರ ಸರಿಯಾಗೇ ಇದ್ದು ತುಟಿ ಮಾತ್ರ ಮರಗಟ್ಟಿದ್ದರೂ ಅಲ್ಲಿಗೆ ಬಿಡುವುದಿಲ್ಲ. ಸಿಟಿ ಅಥವಾ ಎಂಆರ್‌ಐ ಮಾಡಿಸಿ, ಫಿಸಿಷಿಯನ್ ಹತ್ತಿರ ಪೂರ್ತಿ ತಪಾಸಣೆ ಮಾಡಿಸಲು ಬರೆದುಕೊಡುತ್ತೇವೆ. ಇದಕ್ಕೆ ಮುಂದಿನ ತಿಂಗಳ ಅಪಾಯಿಂಟ್‌ಮೆಂಟ್ ಕಾಯಬೇಡಿ, ಅದೇ ವಾರ ಹೋಗಿ.